ಚಹಾ ಆರಾಕತ್ತೈತಿ

ನಮ್ಮ ಸೋದರಮಾವನ ತಲೆ ಸರಿಯಿಲ್ಲ ಎಂದು ಸಿಂಧನೂರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು! ಉಳಿದ ವಿಷಯದಲ್ಲಿ ಮನುಷ್ಯ ಅಪ್ಪಟ ಬಂಗಾರ. ದರ್ಜಿ ಕೆಲಸ, ಕತ್ತರಿ ಹಿಡಿದರೆ ಗೀಟು ತಪ್ಪುವವನಲ್ಲ. ಆದರೆ ಮಸ್ಕಿ ಕಡೆಯ ಒಬ್ಬ ಹಾಡುಗಾರರ ಮಾತು ಬಂದರೆ ಮುಗಿಯಿತು, ಹೊಲಿಗೆ ಮಷಿನ್ನಿನ ಮೇಲಿನ ಕಾಲು ಅಲ್ಲಿಗೇ ನಿಲ್ಲುತ್ತಿತ್ತು.

ಆ ಹಾಡುಗಾರರು ತಾವೇ ಪದ ಕಟ್ಟಿ, ತಾವೇ ಏಕತಾರಿ ಹಿಡಿದು ಹಾಡುತ್ತಿದ್ದರು. ಮಾವನ ಪಾಲಿಗೆ ಅವರು "ಗುರುಗಳು". ಎಂಬತ್ತರ ದಶಕದಲ್ಲಿ ನಮ್ಮ ಕಡೆ ಅವರ ಪದ ಕೇಳಿಸದ ಚಹಾದಂಗಡಿಯೇ ಇರಲಿಲ್ಲ. ಅಭಿಮಾನಿಗಳಿಗೇನು ಬರವೇ? ಆದರೆ ಕ್ಯಾಸೆಟ್ಟು ಹಾಡುವಾಗ ಮಷಿನ್ ಸದ್ದು ಮಾಡಿದರೆ ಗುರುಗಳಿಗೆ ಅವಮಾನ ಎಂದು ಕೆಲಸ ನಿಲ್ಲಿಸುವ ದರ್ಜಿ ಇನ್ನೊಬ್ಬನನ್ನು ತೋರಿಸಿ ನೋಡೋಣ! ಯುಗಾದಿಗೆಂದು ಕೊಟ್ಟ ಅಂಗಿ ದೀಪಾವಳಿಗೆ ಬರುತ್ತಿತ್ತು. ಮಕ್ಕಳ ಅಂಗಿಯಾದರೆ ಅಷ್ಟರಲ್ಲಿ ಅಣ್ಣ ಬೆಳೆದು, ಅದು ತಮ್ಮನ ಪಾಲಾಗುತ್ತಿತ್ತು.

ತಡವಿಲ್ಲದೆ ಹೊಲಿದದ್ದು ಒಂದೇ, ಟೇಪ್ ರೆಕಾರ್ಡರಿನ ಅಂಗಿ. ಹೌದು, ಅಂಗಿ! ಧೂಳು ಕೂರಬಾರದೆಂದು ಕಾಲರು, ಗುಂಡಿ, ಕ್ಯಾಸೆಟ್ ಇಡಲು ಎದೆಯ ಮೇಲೊಂದು ಜೇಬು. ಒಮ್ಮೆ ಸಾಲಗುಂದದ ರೈತನೊಬ್ಬ ಹೊಸ ಅಂಗಿ ತೊಟ್ಟು ಹೊರಟವನು ಟೇಪ್ ರೆಕಾರ್ಡರ್ ನೋಡಿ ಗಕ್ಕನೆ ನಿಂತ. ಅದೇ ಬಣ್ಣ, ಅದೇ ಚೌಕಳಿ!

"ಯಪ್ಪಾ, ನನ್ನ ತೋಳು ಗಿಡ್ಡ ಯಾಕಾಗ್ಯಾವ ಅಂತ ಈಗ ತಿಳೀತು ನೋಡು!"

"ಸಿಟ್ಟಾಗಬ್ಯಾಡೋ," ಅಂದ ಮಾವ. "ಗುರುಗಳೂ ನೀನೂ ಒಂದಾ ಬಟ್ಟ್ಯಾಗ ಅದೀರಿ. ಯಾರಿಗೈತಿ ಈ ಭಾಗ್ಯ?"

ರೈತ ಗಿಡ್ಡ ತೋಳನ್ನೇ ಮೇಲಕ್ಕೆ ಮಡಚಿಕೊಂಡು ಸಂತೋಷದಿಂದ ಹೋದ.

ಒಂದು ಮಧ್ಯಾಹ್ನ ಸಾಕ್ಷಾತ್ ಗುರುಗಳೇ ಜುಬ್ಬದ ಅಳತೆ ಕೊಡಲು ಮಾವನ ಮನೆಗೆ ಬಂದರು. ಮಾವ ಬಿಟ್ಟಾನೆಯೇ? "ಅಳತಿ ಆಮ್ಯಾಲ್ರಿ, ಮೊದಲು ಹೊಸಾ ಪದ," ಎಂದು ಕೂಡಿಸಿ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದ. ಗುರುಗಳು ಕಣ್ಣು ಮುಚ್ಚಿ ಹಾಡಿದರು.

"ಬಾಗಿಲ ತೆರದು ಯಾವ ಕಾಲಾತೋ,
ಬರುವವ ಇನ್ನೂ ಬರವಲ್ಲ..."

ಮೂರನೇ ನುಡಿ ಮುಗಿದು, ದನಿ ಇಳಿದು, ಏಕತಾರಿಯೊಂದೇ ಮಿಡಿಯುತ್ತಿತ್ತು. ಆಗ ಅಡುಗೆಮನೆಯಿಂದ ನಮ್ಮ ಅತ್ತೆ, ಹೊರಟ ಬಸ್ಸನ್ನು ನಿಲ್ಲಿಸುವಂಥ ದನಿಯಲ್ಲಿ, "ಚಹಾ ಆರಾಕತ್ತೈತಿ! ಬರ್ತೀರೋ ಇಲ್ಲೋ?" ಅಂದಳು. ಅದರ ಬೆನ್ನಿಗೇ ಮಾವ ಹಾವಿನ ಹಾಗೆ "ಶ್!" ಅಂದ. ಎರಡೂ ಟೇಪಿನಲ್ಲಿ ಕೂತವು.

ಇನ್ನೊಮ್ಮೆ ಹಾಡಿಸೋಣವೆಂದರೆ ಗುರುಗಳ ಮಸ್ಕಿ ಬಸ್ಸಿನ ಹೊತ್ತಾಗಿತ್ತು. ಅವರು ನಕ್ಕು, ಆರಿದ ಚಹಾವನ್ನೇ ಕುಡಿದು ಹೋದರು. ಅತ್ತೆ ನಗಲಿಲ್ಲ.

"ಚಹಾ ಕುಡೀರಿ ಅಂದಾಕಿಗೆ ಶ್ ಅಂತೀರಿ? ಇನ್ನ ಮ್ಯಾಲ ನಾ ಕರದ್ರ ಕೇಳ್ರಿ!"

ಹಟದಲ್ಲಿ ಅತ್ತೆ ಮಾವನಿಗೆ ಒಂದು ಕೈ ಮೇಲೆಯೇ. ಅಂದಿನಿಂದ ಚಹಾ ಆದಾಗ ಬಾಯಿಬಿಟ್ಟು ಕರೆಯುವುದನ್ನೇ ಬಿಟ್ಟಳು. ಕಿಟಕಿಯ ಕಲ್ಲಿಗೆ ಚಹಾದ ಕಪ್ಪು ಟಕ್ಕೆಂದು ಕುಕ್ಕಿ ಇಡುತ್ತಿದ್ದಳು, ಅಷ್ಟೇ. ಯಾಕೆಂದು ಯಾರಾದರೂ ಕೇಳಿದರೆ, "ನಾ ಬಾಯಿ ತಗದ್ರ ಗುರುಗಳ ಪದ ಕೆಡತೈತಂತ!" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಮಾವ ಆ ಕ್ಯಾಸೆಟ್ಟನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೆಟ್ಟುಹೋದರೆ ಗತಿಯೇನೆಂದು ಬಸ್ ಸ್ಟ್ಯಾಂಡ್ ಹತ್ತಿರದ ಗೆಳೆಯನ ಅಂಗಡಿಯಲ್ಲಿ ಇನ್ನೊಂದು ಪ್ರತಿ ಮಾಡಿಸಿದ. ಒಂದು ಹತ್ತಾಯಿತು, ಹತ್ತು ನೂರಾಗಿ ಲಿಂಗಸುಗೂರು ಮುಟ್ಟಿತು. ಬಳಗಾನೂರು ಬಸ್ಸಿನಲ್ಲಿ ಅದೇ ಹಾಡು. ಮೂರನೇ ನುಡಿ ಮುಗಿಯುವುದೇ ತಡ, ಇಡೀ ಬಸ್ಸು "ಚಹಾ ಆರಾಕತ್ತೈತಿ!" ಎಂದು ಕೂಗುತ್ತಿತ್ತು, ಕಂಡಕ್ಟರ್ ಸೀಟಿ ಬಾಯಿಂದ ತೆಗೆದು "ಶ್!" ಅನ್ನುತ್ತಿದ್ದ.

ಅದೇ ಬಸ್ಸಿನಲ್ಲಿ ಒಮ್ಮೆ ಅತ್ತೆಯೂ ನಾನೂ ಕೂತಿದ್ದೆವು. ಅತ್ತೆ ಪಕ್ಕದ ಹೆಂಗಸಿಗೆ ಮೆಲ್ಲಗೆ, "ಅದು ನಾನಾ ಯವ್ವಾ," ಅಂದಳು.

"ಹಂಗಾರ ಶ್ ಅಂದಾವ ಯಾರು? ನಿನ್ನ ಗಂಡನೇನು?"

"ಮತ್ಯಾರು? ಹೊರಗಿನವ್ರು ಯಾರಾದ್ರೂ ಹಂಗಂತಾರೇನು?"

ಬಸ್ಸಿನ ಹೆಂಗಸರೆಲ್ಲ ನಕ್ಕ ನಗೆಗೆ ಡ್ರೈವರ್ ಹಿಂದಿರುಗಿ ನೋಡಿದ.

ಮಾವನಿಗೆ ಮಾತ್ರ ಇದು ನಗುವ ಸಂಗತಿಯಾಗಿರಲಿಲ್ಲ. ಗುರುಗಳ ಪದದಲ್ಲಿ ತನ್ನ ಮನೆಯ ಕಲಬೆರಕೆ! ಲಿಂಗಸುಗೂರಿನ ಒಂದು ಭಜನೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಲ್ಲೊಬ್ಬ ನಿವೃತ್ತ ಮಾಸ್ತರರು ಅದೇ ಪದದ ಅರ್ಥ ಬಿಡಿಸುತ್ತಿದ್ದರು. "ಕಪ್ಪು ಅಂದ್ರ ದೇಹ. ಚಹಾ ಅಂದ್ರ ಆಯುಷ್ಯ. ಅದು ಆರಾಕತ್ತೈತಿ, ಲಗೂನ ಬಾ ಅಂತ ಜೀವಾತ್ಮನ್ನ ಕರದಾರ. ಶ್ ಅಂದ್ರ ಮೌನ, ಅದಾ ಮುಕ್ತಿ!" ಜನ ತಲೆದೂಗಿದರು. ಮಾವ ಎದ್ದು ನಿಂತ.

"ಏನೂ ಅಲ್ರೀ! ಅಕಿ ನನ್ನ ಹೇಣ್ತಿ! ಅದು ಖರೇವಂದ್ರ ಚಹಾ!"

ಮಾಸ್ತರರು ಶಾಂತವಾಗಿ, "ಕೂಡ್ರಪಾ, ಅಜ್ಞಾನಿಗಳಿಗೆ ಹಂಗಾ ಕಾಣತೈತಿ," ಅಂದರು. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ, "ಸಕ್ಕರಿಗೇನು ಅರ್ಥ ಹೇಳಿದ್ರು?" ಎಂದು ಕೇಳಿದಳು.

ಇನ್ನು ಮಾವನಿಗೆ ಹಿಡಿದದ್ದು ಒಂದೇ ಗೀಳು, ಆ ಪದವನ್ನು ಸಾಯುವುದರೊಳಗೆ ಒಮ್ಮೆ ಸ್ವಚ್ಛವಾಗಿ ತುಂಬಿಸಿಕೊಳ್ಳಬೇಕು. ಗುರುಗಳು ಪಾಪ, ಕರೆದಲ್ಲಿ ಬಂದು ಕೂರುತ್ತಿದ್ದರು. ಮನೆಯಲ್ಲಿ ಹಾಡಿಸಿದರೆ ಕೋಳಿ ಕೂಗಿತು. ಇನ್ನೊಮ್ಮೆ ಕರೆಂಟ್ ಹೋಯಿತು. ದಢೇಸುಗೂರಿನಲ್ಲಿ ಕಾಲುವೆ ದಂಡೆಯ ಮೇಲೆ, ನರಪಿಳ್ಳೆ ಇಲ್ಲದ ಕಡೆ ಕೂಡಿಸಿದರೆ ಗದ್ದೆಯ ಕಪ್ಪೆಗಳೆಲ್ಲ ಹಿಮ್ಮೇಳಕ್ಕೆ ನಿಂತವು. ಕೊನೆಗೆ ಗುರುಗಳಿಗೇ ರೂಢಿಯಾಗಿಬಿಟ್ಟಿತು. ಎಲ್ಲೇ ಹಾಡಲಿ, ಮೂರನೇ ನುಡಿಯಾದ ಮೇಲೆ ಸುಮ್ಮನೆ ನಿಲ್ಲುವರು, ಮಂದಿ ಚಹಾಕ್ಕೆ ಕರೆದ ಮೇಲೆ ಮುಂದಿನದು.

"ಏನ್ ಮಾಡ್ಲಿಪಾ," ಎನ್ನುತ್ತಿದ್ದರು ಮಾವನಿಗೆ, ಅತ್ತೆಯ ಕಡೆ ಕೈ ತೋರಿಸಿ. "ತಂಗಿ ಕರೀದಿದ್ರ ನನಗ ನಾಕನೇ ನುಡಿ ನೆನಪಾಗೂದಿಲ್ಲ."

ಅತ್ತೆ ಕಿಟಕಿಗೆ ಕಪ್ಪು ಕುಕ್ಕುತ್ತಿದ್ದಳು. ಮುಖದಲ್ಲಿ ಗೆದ್ದ ಕಳೆ ನೋಡಬೇಕಿತ್ತು!

ತೊಂಬತ್ತರ ದಶಕದ ಕೊನೆಗೆ, ಒಂದು ಚಳಿಗಾಲದಲ್ಲಿ, ಜ್ವರವೆಂದು ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ಕಿಟಕಿಯ ಕಲ್ಲು ಸುಮ್ಮನಾಯಿತು. ಅಷ್ಟು ಸಣ್ಣ ಸದ್ದು ನಿಂತರೆ ಮನೆ ಇಷ್ಟು ಬರಿದಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಗುರುಗಳು ಮಾತಾಡಿಸಲು ಬಂದರು. ಮಾವ ಟೇಪ್ ರೆಕಾರ್ಡರ್ ತಂದಿಟ್ಟು, ಅದರ ಅಂಗಿಯ ಗುಂಡಿ ಬಿಚ್ಚಿದ. "ಅದಾ ಪದ ಹಾಡ್ರಿ," ಅಂದ.

ದುಃಖದ ಮನೆಯಲ್ಲವೇ! ಗುರುಗಳು ಆ ಜಾಗದಲ್ಲಿ ನಿಲ್ಲಲಿಲ್ಲ. ಮೂರನೇ ನುಡಿಯಿಂದ ನೇರ ನಾಲ್ಕನೆಯದಕ್ಕೆ ದಾಟಿ ಪದ ಮುಗಿಸಿದರು. ಕೋಳಿ ಕೂಗಲಿಲ್ಲ, ಕರೆಂಟ್ ಹೋಗಲಿಲ್ಲ. ಮಾವ ಇಷ್ಟು ವರ್ಷ ಬೇಡಿದಂತೆ ಪದ ತೊಳೆದಿಟ್ಟ ಗಂಗಾಳದಷ್ಟು ಸ್ವಚ್ಛವಾಗಿ ಟೇಪಿಗೆ ಬಂದಿತ್ತು.

"ಈಗರೆ ಸಮಾಧಾನ ಆತೇನಪಾ?" ಎಂದು ಕೇಳಿದರು ಗುರುಗಳು.

ಮಾವ ತಲೆ ಅಲ್ಲಾಡಿಸಿದ. "ಇಲ್ರಿ. ನಡುವ ಒಂದು ಮಾತು ಬಿಟ್ರಿ."

ಗುರುಗಳು ಏಕತಾರಿ ಮತ್ತೆ ಎತ್ತಿಕೊಂಡರು. ಮಾವ ಕೆಂಪು ಗುಂಡಿ ಒತ್ತಿದ. ಈ ಸಲ ಮೂರನೇ ನುಡಿಯಾದ ಮೇಲೆ ಅವರು ನಿಂತರು. ಏಕತಾರಿಯೊಂದೇ ಮಿಡಿಯುತ್ತಿತ್ತು. ಒಳಗಿನಿಂದ ಯಾರೂ ಕರೆಯಲಿಲ್ಲ.

ಮಾವ ಅಡುಗೆಮನೆಯ ಕಡೆ ಮುಖ ಮಾಡಿ, ಅಂದು ಶ್ ಅಂದ ಅದೇ ಬಾಯಿಂದ ಮೆಲ್ಲಗೆ ಅಂದ.

"ಬಂದೆ ತಡಿ, ಬಂದೆ."