ತಂಗಳು ಉತ್ತರದ ಪೆಟ್ಟಿಗೆ

ಅಂಗಡಿಯಲ್ಲಿ ಕುಳಿತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ನಗುವೇ ಅಳತೆ ಚೀಟಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತದೆ. ಮದ್ದೂರಿನಲ್ಲಿ ಮರ, ಹಂಚು ಮಾರುತ್ತಿದ್ದ ನನ್ನ ಅಂಗಡಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಲೆಕ್ಕದ ಯಂತ್ರ ಬಂದಮೇಲಂತೂ ಕೇಳುವುದೇ ಬೇಡ.

೧. ಗೌಡರ ಷರತ್ತು

ಬೆಂಗಳೂರಿನಿಂದ ತಂದ ಆ ಪೆಟ್ಟಿಗೆ ಇಟ್ಟಿಗೆಯಷ್ಟು ದಪ್ಪ. ವೈರು ಸಿಕ್ಕಿಸಿದರೆ ಕೆಂಪು ಅಂಕಿ ಹೊತ್ತಿಕೊಳ್ಳುತ್ತಿತ್ತು. ಹಿಂದಿನ ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬೇಕೆಂದಾಗ ಒಂದು ಗುಂಡಿ ಒತ್ತಿದರೆ ವಾಪಸು ಕೊಡುವುದು ಅದರ ದೊಡ್ಡ ಗುಣ. ಮಾಡಿದ ಲೆಕ್ಕವನ್ನು ಎರಡನೇ ಸಲ ಮಾಡಬೇಕಿಲ್ಲ.

ಮಳವಳ್ಳಿ ಕಡೆಯ ಗೌಡರೊಬ್ಬರು ಆಗ ಓದುವ ಹುಡುಗರಿಗಾಗಿ ಎಂಟು ಕೋಣೆಯ ಹಾಸ್ಟೆಲು ಕಟ್ಟಿಸುತ್ತಿದ್ದರು. ಅಷ್ಟಕ್ಕೂ ಹಂಚು ನನ್ನ ಅಂಗಡಿಯಿಂದಲೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಗೌಡರು ಯಂತ್ರವನ್ನು ಸುತ್ತು ಹಾಕಿ ನೋಡಿ, "ತಪ್ಪು ಮಾಡ್ತದಾ ಇದು?" ಅಂದರು.

"ಇಲ್ಲ ಗೌಡ್ರೆ."

"ಗ್ವಾಡೆ ಏಳಕ್ಕೆ ಎರಡು ತಿಂಗ್ಳದೆ. ಅಷ್ಟ್ರೊಳ್ಗೆ ಇದ್ರದ್ದು ಒಂದು ತಪ್ಪು ನನ್ ಕಿವಿಗ್ ಬಿದ್ರೂ ಮಂಡ್ಯದ್ ಅಂಗ್ಡಿಗೆ ಓಯ್ತೀನಿ. ಇಲ್ದಿದ್ರೆ ನಿಂದೇ."

ತಪ್ಪು ಮಾಡುವುದಿಲ್ಲ ಎಂದು ನಾನು ಹೇಳಿದ್ದು ಯಂತ್ರದ ವಿಷಯ. ಅದನ್ನು ಒತ್ತುವವನ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

೨. ಮೇಷ್ಟ್ರ ಕಿಟಕಿ

ಮೊದಲ ವಾರವೇ ಮಳವಳ್ಳಿಯ ಮೇಷ್ಟ್ರೊಬ್ಬರು ಎರಡು ಕಿಟಕಿಗೆ ಮರ ಕೇಳಿಕೊಂಡು ಬಂದರು. ಅವರಿಗಿಂತ ಮುಂಚೆ ಬಂದವರ ಮನೆಯ ನಲವತ್ತು ಘನ ಅಡಿ ತೊಲೆ ಪೆಟ್ಟಿಗೆಯ ಹೊಟ್ಟೆಯಲ್ಲೇ ಉಳಿದಿತ್ತು. ಅದನ್ನು ಅಳಿಸಬೇಕೆಂದು ನನಗೆ ಹೊಳೆಯಲಿಲ್ಲ. ಕಿಟಕಿಯ ಎರಡು ಅಡಿಯನ್ನು ಅದರ ತಲೆಯ ಮೇಲೆ ಹೇರಿ ಗಂಭೀರವಾಗಿ ಹೇಳಿದೆ: "ನಲವತ್ತೆರಡು ಘನ ಅಡಿ, ಮೇಷ್ಟ್ರೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಾನು ಕೇಳಿದ್ದು ಕಿಟಕಿ ಕಣಯ್ಯ. ಮುತ್ತತ್ತಿ ಹೊಳೆಗೆ ಸೇತುವೆ ಅಲ್ಲ."

ಈ ಸುದ್ದಿ ಗೌಡರಿಗೆ ಮುಟ್ಟಬಾರದೆಂದು ಅವರನ್ನು ಹೋಟೆಲಿಗೆ ಕರೆದೊಯ್ದು ನಾಲ್ಕು ವಡೆ ತಿನ್ನಿಸಿದೆ. ಬಾಯಿ ತುಂಬಿರುವವರೆಗೆ ಮೇಷ್ಟ್ರು ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಹೇಳಬಾರದಲ್ಲ ಎಂದು ಇನ್ನೆರಡು ಕಟ್ಟಿಸಿಕೊಟ್ಟೆ.

೩. ಸೊನ್ನೆ ಕೊಟ್ಟಿಗೆ

ಆಮೇಲೆ ಅಳಿಸುವುದನ್ನು ಕಲಿತೆ. ಆದರೆ ಉಳಿಸಿಕೊಳ್ಳುವುದು ಕರೆಂಟಿನ ಕೈಯಲ್ಲಿತ್ತು.

ಕೆರಗೋಡಿನ ರೈತರೊಬ್ಬರು ಎಮ್ಮೆ ಕೊಟ್ಟಿಗೆಯ ಅಳತೆಯನ್ನು ಒಂದೊಂದಾಗಿ ಹೇಳುತ್ತಾ ಹೋದರು. ನಾನು ಒಂದೊಂದಾಗಿ ಕೂಡಿಸುತ್ತಾ ಹೋದೆ. ಅರ್ಧ ಗಂಟೆ ಹಿಡಿಯಿತು. ಕೊನೆಯ ತುಂಡು ಕೂಡಿಸುವಷ್ಟರಲ್ಲಿ ಕರೆಂಟು ಹೋಯಿತು. ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತಾ ಕುಳಿತೆವು. ಕರೆಂಟು ಬಂತು, ಜೊತೆಗೆ ಕೆಂಪಗೆ ಒಂದು ಸೊನ್ನೆ.

"ಏನಂತದೆ?" ಅಂದರು.

"ಸೊನ್ನೆ ಅಂತದೆ."

"ಬುಡಿ ಸ್ವಾಮಿ, ಎಮ್ಮೆಗೆ ಆಕಾಸನೇ ಸಾಕು ಅಂತಾದೇನೋ. ನನ್ ಎಂಡ್ರೂ ಇದನ್ನೇ ಏಳಿದ್ಲು, ಅವಳ್ಗೇನು ವೈರು ಸಿಗಿಸ್ಬೇಕಿರ್ಲಿಲ್ಲ."

೪. ಆಚಾರಿಯ ಕಂಬ

ಆ ರೈತರು ನೇರ ಹಿತ್ತಲಿಗೆ, ನಮ್ಮ ಮರಗೆಲಸದ ಆಚಾರಿಯ ಹತ್ತಿರ ಹೋದರು. ಆಚಾರಿ ಕಟ್ಟಿಕೊಟ್ಟ ಒಂದೊಂದು ಕಟ್ಟಡದ ಮರದ ಲೆಕ್ಕವೂ ಹಿತ್ತಲ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಇರುತ್ತಿತ್ತು. ಹೊಸದಾಗಿ ಯಾರು ಬಂದರೂ ಅವನು ಲೆಕ್ಕ ಮಾಡುವುದಿಲ್ಲ; ಕಂಬ ನೋಡುತ್ತಾನೆ. "ಬಸರಾಳು ಕೊಟ್ಟಿಗೆ ಐತಲ್ಲ, ಅದೇ ನಿಂದು. ಒಂದು ಬಾಗ್ಲು ಕಡಿಮೆ" ಎಂದು ಕ್ಷಣದಲ್ಲಿ ಹೇಳಿ ಕಳಿಸಿದ.

ಎರಡು ಸಾವಿರ ಗುಂಡಿ ಒತ್ತಿದ್ದಕ್ಕಿಂತ ಇದು ಸರಿಯಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಒಂದು ದಿನ ಬೇಕಾಯಿತು. ಒಪ್ಪಿಕೊಂಡೆ. ಅವನ ಕಂಬಕ್ಕೆ ಗೌರವ ತೋರಿಸಬೇಕೆಂದು ಆಯುಧಪೂಜೆಗೆ ಸುಣ್ಣ ಹೊಡೆಸಿ, ಕುಂಕುಮ ಇಡಿಸಿದೆ.

ಮಾರನೇ ಬೆಳಿಗ್ಗೆ ಆಚಾರಿ ಬಂದು ಬೆಳ್ಳಗಿನ ಕಂಬದ ಮೇಲೆ ಬೆರಳಾಡಿಸಿದ. "ಹದಿನಾರು ಮನೆ, ಐದು ಕೊಟ್ಟಿಗೆ. ಒಂದೇ ದಿನದಲ್ಲಿ ಕೆಡವಿಬಿಟ್ರಲ್ಲ, ಸ್ವಾಮಿ."

೫. ಏಳನೇ ಕೋಣೆ

ಆದರೂ ನಾನು ಯಂತ್ರವನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನ ಒಂದು ಗಂಟೆ ಕುಳಿತು ಒತ್ತಿ ಒತ್ತಿ ಕಲಿತೆ. ಷರತ್ತಿನ ಎರಡು ತಿಂಗಳು ಮುಗಿದ ಮೇಲೆ ಗೌಡರು ಬಂದರು. ಪುಣ್ಯಕ್ಕೆ ಅವರ ಕಿವಿಗೆ ಏನೂ ಬಿದ್ದಿರಲಿಲ್ಲ.

"ಎಂಟು ಕ್ವಾಣೆ. ಒಂದೊಂದ್ರ ಸೂರು ಅದ್ನೆಂಟಡಿ, ಇಪ್ಪತ್ತಡಿ. ನನ್ ಕಣ್ಮುಂದೆ ಮಾಡು."

ನೂರು ಚದರ ಅಡಿಗೆ ನೂರೈವತ್ತು ಹಂಚು. ಒತ್ತಿದೆ. ಒಂದು ಕೋಣೆಗೆ ಐನೂರ ನಲವತ್ತು. ಆ ಉತ್ತರವನ್ನೇ ಎಂಟರಿಂದ ಗುಣಿಸಲು ಬೆರಳೆತ್ತಿದೆ.

"ತಡಿ" ಅಂದರು ಗೌಡರು. "ಎರಡ್ನೇ ಕ್ವಾಣೆ ಲೆಕ್ಕ ಎಲ್ಲಿ?"

"ಅಳತೆ ಒಂದೇ ಅಲ್ವಾ ಗೌಡ್ರೆ. ಮೊದಲ್ನೇ ಉತ್ತರಾನೇ ತಗೊಂಡ್ರೆ ಆಯ್ತು."

"ಮೊದಲ್ನೇ ಪಂಕ್ತಿಗೆ ಬಡಿಸಿ ಉಳಿದಿದ್ದು ಎರಡ್ನೇ ಪಂಕ್ತಿಗಾ? ನಂಗೆ ತಂಗಳು ಬ್ಯಾಡ. ಎಂಟುಕ್ಕೂ ಬಿಸಿಬಿಸಿ ಮಾಡು."

ಬೇರೆ ದಾರಿ ಇರಲಿಲ್ಲ. ಅಳಿಸಿ ಎರಡನೆಯದು ಒತ್ತಿ ಗಟ್ಟಿಯಾಗಿ ಓದಿದೆ: ಐನೂರ ನಲವತ್ತು. ಮೂರನೆಯದೂ ಅಷ್ಟೇ. ಗೌಡರು ಪ್ರತಿ ಸಲವೂ ಕಣ್ಣು ಮುಚ್ಚಿ, ಹೊಸ ಸುದ್ದಿ ಕೇಳಿದವರಂತೆ ತಲೆಯಾಡಿಸುತ್ತಿದ್ದರು. ಆರು ಮುಗಿಯಿತು. ಏಳನೆಯದಕ್ಕೆ ಅವರ ಮುಖ ನೋಡುತ್ತಾ ಹದಿನೆಂಟರ ಬದಲು ಹತ್ತೊಂಬತ್ತು ಒತ್ತಿಬಿಟ್ಟೆ.

ಬಂದದ್ದನ್ನು ಹಾಗೇ ಓದಿಯೂಬಿಟ್ಟೆ: ಐನೂರ ಎಪ್ಪತ್ತು.

ಗೌಡರು ಕಣ್ಣು ಬಿಟ್ಟರು. ಹಾಸ್ಟೆಲಿನ ಹಂಚು ಮಂಡ್ಯದ ಬಸ್ಸು ಹತ್ತಿದ್ದು ನನಗೆ ಕಂಡೇಬಿಟ್ಟಿತು.

"ಗೌಡ್ರೆ, ಇನ್ನೊಂದು ಸಲ..." ಎಂದು ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಮುಟ್ಬ್ಯಾಡ. ಏಳ್ನೇದು ನನ್ ಭಾಮೈದ ನಿಂತ್ಕಂಡು ಕಟ್ಸಿದ್ದು. ಸೊಟ್ಟ ಅದೆ ಕಣ್ಲಾ ಅಂತ ತಿಂಗ್ಳಿಂದ ಬಡ್ಕತಾವ್ನಿ, ಒಪ್ತಾ ಇಲ್ಲ. ಮದ್ದೂರಲ್ ಕೂತ್ಕಂಡೇ ಮಳವಳ್ಳಿ ಗ್ವಾಡೆ ಸೊಟ್ಟ ಕಂಡಿಡೀತಲ್ಲ ಇದು. ಬರ್ಕೊ. ಹಂಚು ನಿನ್ನತ್ರಾನೇ."

ನಾನು ವ್ಯಾಪಾರಿ. ಬಾಯಿ ಮುಚ್ಚಿಕೊಂಡು ಬರೆದುಕೊಂಡೆ.

ಗೌಡರು ಎದ್ದವರು ಬಾಗಿಲವರೆಗೂ ಹೋಗಿ, ಏನೋ ಯೋಚಿಸಿ ವಾಪಸು ಬಂದು ನನ್ನ ಪಕ್ಕದಲ್ಲೇ ಕುಳಿತರು. ದನಿ ಸಣ್ಣದಾಗಿತ್ತು.

"ಎಂಟ್ನೇದು ನಾನೇ ನಿಂತ್ಕಂಡು ಕಟ್ಸಿದ್ದು. ಅದನ್ನ ಒಸಿ ಉಸಾರಾಗಿ ಒತ್ತು."

ಒಂದೊಂದು ಗುಂಡಿಯನ್ನೂ ಎರಡೆರಡು ಸಲ ನೋಡಿ ಒತ್ತಿದೆ. ಐನೂರ ನಲವತ್ತು ಬಂದಮೇಲೆ ನಾನು ಉಸಿರು ಬಿಟ್ಟೆ. ಗೌಡರೂ ಬಿಟ್ಟರು.