ಹದಿನೇಳನೇ ಆವೃತ್ತಿಯೂ ನನ್ನ ಕೇಕಿನ ಬಣ್ಣವೂ

ಟಿವಿಯ ಫುಟ್‌ಬಾಲ್ ಭವಿಷ್ಯಕಾರರಾದ ಶ್ರೀ ಗ್ರೇಡಿ ಪೆಂಬರ್ಟನ್ ಅವರ ಸನ್ನಿಧಿಗೆ,

ಮಾನ್ಯರೇ,

ನೆಬ್ರಾಸ್ಕಾದ ಹವ್ಲಿಕ್ ಕ್ರೀಕ್ ಊರಿನ ಏಕೈಕ ಬೇಕರಿಯ ಒಡತಿ ವಿಲ್ಮಾ ಕುಚೇರಾ ಮಾಡುವ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಆರೋಗ್ಯದ ಬಗ್ಗೆ ತಾವೇ ಒಳ್ಳೆಯ ಭವಿಷ್ಯ ನುಡಿದುಕೊಂಡಿರಲಾರಿರಿ ಎಂಬ ಧೈರ್ಯದ ಮೇಲೆ ಹಾಗೆ ನಂಬಿದ್ದೇನೆ.

ಕಾಲೇಜಿನಲ್ಲಿ ಹೆಲ್ಮೆಟ್ ತೊಟ್ಟು ಗುದ್ದಾಡಿ ಬೆಳೆದ ಹುಡುಗರಲ್ಲಿ ಯಾರನ್ನು ಯಾವ ವೃತ್ತಿಪರ ತಂಡ ಆರಿಸಿಕೊಳ್ಳಬೇಕು ಎಂಬುದನ್ನು, ಆ ತಂಡಗಳಿಗೇ ಗೊತ್ತಾಗುವ ಮೊದಲು ತಿಳಿಸುವ ತಮ್ಮ ಸೇವೆಗೆ ದೇಶವೇ ಋಣಿಯಾಗಿದೆ. ಜನವರಿಯಿಂದ ಏಪ್ರಿಲ್‌ವರೆಗೆ ತಾವು ಅಂಥ ಪಟ್ಟಿಯನ್ನು ಹದಿನೇಳು ಸಲ ಹೊರಡಿಸಿದಿರಿ. ಹದಿನಾರು ಸಲ ಹೇಳಿದ್ದು ಸರಿಯಿರಲಿಲ್ಲ ಎಂದು ಒಪ್ಪಿಕೊಂಡು ಹದಿನೇಳನೆಯದನ್ನು ಅಷ್ಟೇ ಗಟ್ಟಿ ದನಿಯಲ್ಲಿ ಓದುವ ವಿನಯ ಯಾರಿಗುಂಟು? ನನ್ನ ಗಂಡ ಲೈಲ್ ಮೂವತ್ತು ವರ್ಷಗಳಲ್ಲಿ ಒಂದು ಸಲವೂ ತಪ್ಪೊಪ್ಪಿಕೊಂಡಿಲ್ಲ.

ಎಮೆಟ್ ನಮ್ಮ ಒಬ್ಬನೇ ಮಗ. ಅವನು ಸೆಂಟರ್, ಎಂದರೆ ಬಗ್ಗಿ ನಿಂತು, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಾಳಿಗೆ ಎದೆಯೊಡ್ಡಿ ತಡೆಯುವವನು. ಆ ಜಾಗದವರ ಹೆಸರು ಟಿವಿಯಲ್ಲಿ ಕೇಳಿಬರುವುದು ಅವರು ತಪ್ಪು ಮಾಡಿದಾಗ ಮಾತ್ರ. ಒಂದೇ ಒಂದು ಸಲ, ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ವೇದಿಕೆಯಿಂದ, ಒಳ್ಳೆಯ ಕಾರಣಕ್ಕೆ ತನ್ನ ಹೆಸರು ಕೂಗುವುದನ್ನು ಕೇಳಬೇಕೆಂಬುದು ಅವನ ಆಸೆ. ಅವನಿಗಿಂತ ಹೆಚ್ಚಾಗಿ ಅದು ನನ್ನ ಆಸೆ, ಸುಳ್ಳೇಕೆ ಹೇಳಲಿ.

ತಮ್ಮ ಒಂಬತ್ತನೇ ಆವೃತ್ತಿಯಲ್ಲಿ ಅವನ ತೋಳು ಗಿಡ್ಡವೆಂದೂ, ಇನ್ನೊಂದು ಇಂಚು ಇದ್ದಿದ್ದರೆ ಎಲ್ಲಿಗೋ ಹೋಗುತ್ತಿದ್ದನೆಂದೂ ಬರೆದಿರಿ. ಆ ತೋಳುಗಳ ತಯಾರಕಿ ನಾನೇ ಆದ್ದರಿಂದ ಪೂರ್ತಿ ಹೊಣೆ ಹೊರುತ್ತೇನೆ. ಹಿಟ್ಟಿನ ಮೂಟೆಗಳನ್ನು ಎರಡೆರಡಾಗಿ ಎತ್ತುವಾಗ ಅವು ಸಾಕಷ್ಟು ಉದ್ದವಾಗಿಯೇ ಕಾಣುತ್ತಿದ್ದವು. ತಮ್ಮ ಅಳತೆ ಪಟ್ಟಿ ನಮ್ಮಲ್ಲಿ ಇರಲಿಲ್ಲ. ಈಗ ವಾಪಸು ತೆಗೆದುಕೊಂಡು ಒಂದು ಇಂಚು ಸೇರಿಸಿಕೊಡುವ ಉಪಾಯವಿದ್ದರೆ ದಯವಿಟ್ಟು ತಿಳಿಸಬೇಕು.

ಇನ್ನು ಕೇಕಿನ ವಿಷಯ. ನಮ್ಮೂರಿನಲ್ಲಿ ಯಾರಿಗೇ ಒಳ್ಳೆಯದಾಗುವುದಿರಲಿ, ಆಗುವ ಮೊದಲೇ ಕೇಕು ಸಿದ್ಧವಾಗಿ ಮೇಜಿನ ಮೇಲೆ ಕೂತಿರಬೇಕು. ತಂಡಗಳನ್ನು ನಾನು ಬಣ್ಣದಿಂದಲೇ ಗುರುತಿಸುವವಳು. ಎಮೆಟ್ ಹಸಿರು ತಂಡಕ್ಕೆ ಹೋಗುತ್ತಾನೆಂದು ತಾವು ಬುಧವಾರ ಹೇಳಿದಿರಿ. ಮಂಚದಷ್ಟು ಅಗಲದ ಕೇಕಿಗೆ ಹಸಿರು ಕ್ರೀಮು ಬಳಿದೆ. ಗುರುವಾರ ಕಿತ್ತಳೆ ಎಂದಿರಿ. ಕೆರೆದು ಕಿತ್ತಳೆ ಬಳಿದೆ. ಶುಕ್ರವಾರ ನೇರಳೆ ಎಂದಿರಿ. ಅಷ್ಟು ಹೊತ್ತಿಗೆ ಮನೆಯ ಬೆಣ್ಣೆಯೆಲ್ಲ ಮುಗಿದಿತ್ತು, ಕೆರೆದ ಕ್ರೀಮನ್ನೇ ಮತ್ತೆ ಕಲಸಿ ನೇರಳೆ ಬಣ್ಣ ಬೆರೆಸಿದರೆ, ಅದು ಯಾವ ದೇವರೂ ಒಪ್ಪದ ಕೆಸರಿನ ಬಣ್ಣವಾಯಿತು. "ಪರವಾಗಿಲ್ಲಮ್ಮಾ, ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ" ಎಂದ ಎಮೆಟ್. ಮೂರು ದಿನದಿಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದವನು ಅದನ್ನು ಹೇಳುವಾಗ ನಗಲಿಲ್ಲ.

ಶನಿವಾರ ಡ್ರಾಫ್ಟಿನ ಕೊನೆಯ ದಿನ. ಹಾರೈಕೆ ಹೇಳುವ ನೆಂಟರಿಂದ ಎಮೆಟ್‌ನ ಮೊಬೈಲು ಉಸಿರುಗಟ್ಟಿತ್ತು, ಹಾಗಾಗಿ ತಂಡಗಳಿಗೆ ಮನೆಯ ಮುಂಭಾಗದಲ್ಲೇ ಇರುವ ಬೇಕರಿಯ ಫೋನ್ ನಂಬರನ್ನೂ ಕೊಟ್ಟಿದ್ದೆವು. ಅದಕ್ಕೋ ನನ್ನ ಮೈದುನ ಡೆಲ್ಬರ್ಟ್ ಬೆಳಗಿನಿಂದ ದನಿ ಬದಲಿಸಿ, ತಾನು ಒಂದಲ್ಲ ಒಂದು ತಂಡದ ಯಜಮಾನನೆಂದು ಹೇಳಿಕೊಂಡು ನಾಲ್ಕು ಸಲ ಕರೆ ಮಾಡಿದ್ದ. ಮಧ್ಯಾಹ್ನ ಐದನೆಯ ಸಲ ಫೋನು ಬಡಿದುಕೊಂಡಿತು. ಕಂದು ತಂಡದಿಂದ ಮಾತಾಡುತ್ತಿರುವುದಾಗಿ ಆ ಕಡೆಯವನು ಬಹಳ ಗಂಭೀರವಾಗಿ ಹೇಳಿದ.

ಇದೂ ಡೆಲ್ಬರ್ಟನದೇ ಆಟವೆಂದುಕೊಂಡೆ. ಮೇಲಾಗಿ, ಮಾನ್ಯರೇ, ನನ್ನ ಮುಂದೆ ತಮ್ಮ ಹದಿನೇಳನೇ ಆವೃತ್ತಿ ಇತ್ತು. ಕಂದು ತಂಡಕ್ಕೆ ಸೆಂಟರ್ ಬೇಡವೇ ಬೇಡ ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿತ್ತು. "ನೋಡಪ್ಪಾ, ನಿಮಗೆ ಸೆಂಟರ್ ಬೇಡ. ಪೆಂಬರ್ಟನ್ ಅವರೇ ಬರೆದಿದಾರೆ, ಓದ್ಕೋ" ಎಂದು ಹೇಳಿ ಫೋನ್ ಇಟ್ಟೆ. ಎರಡು ನಿಮಿಷಕ್ಕೆ ಟಿವಿಯಲ್ಲಿ ಕಂದು ತಂಡದವರು ಬೇರೆ ಯಾರನ್ನೋ, ಚೆಂಡು ಒದೆಯುವವನೊಬ್ಬನನ್ನು ಆರಿಸಿಕೊಂಡರು. ಅದೇ ಹೊತ್ತಿಗೆ ಡೆಲ್ಬರ್ಟ್ ನಮ್ಮ ಬಾಗಿಲಲ್ಲಿ ನಿಂತಿದ್ದ, ಎರಡು ಕೈಯಲ್ಲೂ ಕಬಾಬಿನ ತಟ್ಟೆ ಹಿಡಿದುಕೊಂಡು. ಅವನ ಕೈಯಲ್ಲಿ ಫೋನಿರಲಿಲ್ಲ.

ಮಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೋಗಿ ಕೇಕಿನ ಮುಂದೆ ನಿಂತುಕೊಂಡ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಪ್ಪತ್ತೆರಡು ವರ್ಷ ಬೆಳೆಸಿದ ಮಗನ ಒಂದೇ ಆಸೆಯನ್ನು, ಅವನನ್ನು ಎಂದೂ ಕಣ್ಣಾರೆ ನೋಡದ ಒಬ್ಬರ ಮಾತು ಕೇಳಿ, ನನ್ನ ಕೈಯಾರೆ ಕೆಳಗಿಟ್ಟುಬಿಟ್ಟಿದ್ದೆ.

ಮೂರು ಗಂಟೆ ಕಳೆದು, ಆಯ್ಕೆಯ ಕೊನೆಯ ಸುತ್ತು ಮುಗಿಯುತ್ತ ಬಂದಾಗ ಫೋನು ಮತ್ತೆ ಬಡಿದುಕೊಂಡಿತು. ಯಾರೂ ನನ್ನನ್ನು ಅದರ ಹತ್ತಿರ ಬಿಡಲಿಲ್ಲ. ದಿನಕ್ಕೆ ಹತ್ತು ಮಾತಾಡದ ಲೈಲ್ ಎತ್ತಿಕೊಂಡ. "ಹೂಂ. ಇದಾನೆ. ಇಲ್ಲ ಇಲ್ಲ, ಅವಳನ್ನ ಅಡುಗೆಮನೇಲಿ ಕೂರಿಸಿದೀವಿ" ಎಂದ. ಆಮೇಲೆ ತಿಳಿದದ್ದೇನೆಂದರೆ, ಆ ಕಡೆಯವರು ಮೊದಲು ಕೇಳಿದ್ದೇ ಹೀಗೆ: "ನಮಗೆ ಸೆಂಟರ್ ಬೇಡ ಅಂತ ಮಧ್ಯಾಹ್ನ ಒಬ್ರು ಹೇಳಿದ್ರಲ್ಲಾ ಸಾರ್, ಅವರು ಈಗ್ಲೂ ಹಾಗೇ ಅಂತಾರಾ?" ಕಂದು ತಂಡದವರೇ.

ವೇದಿಕೆಯ ಮೇಲೆ ನಿಂತವರು ಕುಚೇರಾ ಎಂಬುದನ್ನು ಬಾಯಿಗೆ ಬಂದಂತೆ ಉಚ್ಚರಿಸಿದರು, ಆದರೂ ಕೂಗಿದರು. ಎಮೆಟ್ ಆ ಗಿಡ್ಡ ತೋಳುಗಳಲ್ಲಿ ನನ್ನನ್ನೂ ಲೈಲನನ್ನೂ ಡೆಲ್ಬರ್ಟನನ್ನೂ ಒಟ್ಟಿಗೆ ಅವುಚಿಕೊಂಡ. ಒಂದು ಇಂಚೂ ಕಮ್ಮಿ ಬೀಳಲಿಲ್ಲ. ಆಗ ಯಾರೋ ಮೇಜಿನ ಕಡೆ ಕೈ ತೋರಿಸಿದರು. ಮೂರು ದಿನ ಕೆರೆದು ಕೆರೆದು ಬಳಿದ ಕೇಕು ಅಪ್ಪಟ ಕಂದು ಬಣ್ಣದಲ್ಲಿ, ಯಾರೂ ಹೇಳದೆಯೇ, ಸಿದ್ಧವಾಗಿ ಕೂತಿತ್ತು.

ಅದೇ ನಿಮಿಷದಲ್ಲಿ ತಾವು ಟಿವಿಯಲ್ಲಿ ಕಾಣಿಸಿಕೊಂಡು, ಈ ಹುಡುಗ ಮೊದಲಿನಿಂದಲೂ ತಮಗೆ ಮೆಚ್ಚುಗೆಯೆಂದೂ, ಕಂದು ತಂಡಕ್ಕೆ ಬೇಕಾಗಿದ್ದುದು ಸೆಂಟರೇ ಎಂದೂ ಅಪ್ಪಣೆ ಕೊಡಿಸಿದಿರಿ. ಕಣ್ಣು ತುಂಬಿ ಬಂತು. ಆದ್ದರಿಂದ ತಮ್ಮಲ್ಲಿ ಸಣ್ಣದೊಂದು ಬಿನ್ನಹ: ಮುಂದಿನ ವರ್ಷದಿಂದ ಡ್ರಾಫ್ಟ್ ಮುಗಿದ ಮಾರನೆಯ ದಿನ ಒಂದೇ ಆವೃತ್ತಿ ಹೊರಡಿಸಬೇಕು. ಹಾಗೆಯೇ ನಮ್ಮೂರಿಗೆ ಆಲಿಕಲ್ಲು ಬೀಳುವ ದಿನವನ್ನೂ, ನನ್ನ ಹಳೆಯ ಒಲೆ ಕೈಕೊಡುವ ದಿನವನ್ನೂ ತಾವು ತಪ್ಪದೆ ನುಡಿಯಬೇಕು. ಅವೆರಡೂ ಆಗದಿರಲಿ ಎಂದು ನನಗೆ ಬಹಳ ಆಸೆಯಿದೆ.

ಹದಿನೇಳೂ ಆವೃತ್ತಿಗಳಲ್ಲಿ ತಮ್ಮ ವಿಶ್ವಾಸಿಯಾಗಿದ್ದ,
ವಿಲ್ಮಾ ಕುಚೇರಾ

ಮರೆತ ಮಾತು: ಕೇಕಿನ ಒಂದು ತುಂಡನ್ನು ಇದರೊಂದಿಗೆ ಕಳಿಸಿದ್ದೇನೆ. ತಮ್ಮ ಬಗ್ಗೆ ತಿಳಿದಿರುವುದರಿಂದ ಡಬ್ಬಿಯ ಮುಚ್ಚಳವನ್ನು ಹದಿನೆಂಟು ಸುತ್ತು ಟೇಪು ಹಾಕಿ ಬಿಗಿದಿದ್ದೇನೆ. ಒಂದೊಂದು ಸುತ್ತು ಬಿಚ್ಚುವಾಗಲೂ ಒಳಗಿನ ಬಣ್ಣ ಯಾವುದೆಂದು ಒಂದೊಂದು ಸಲ ಹೇಳಬಹುದು. ಬಾಯಿಗೆ ಹಾಕಿಕೊಂಡ ಮೇಲೆ, ಅದು ಮೊದಲಿನಿಂದಲೂ ತಮಗೆ ಮೆಚ್ಚುಗೆ ಎನ್ನಲು ಮರೆಯಬೇಡಿ.