ದೊಡ್ಡಪ್ಪನ ಕೊಡೆಯೂ ಮುಚ್ಚಿದ ಬಾಯಿಗಳೂ

ಚರ್ಚಿನಲ್ಲಿ ನಮ್ಮ ದೊಡ್ಡಪ್ಪನ ಮುಂದಿನ ಬೆಂಚಿನಲ್ಲಿ ನಿಂತು, ಬೆನ್ನು ಉಜ್ಜಿಕೊಳ್ಳದೆ ಮನೆಗೆ ಹೋದ ಗಂಡಸು ಉದ್ಯಾವರದಲ್ಲಿ ಒಬ್ಬನಿದ್ದರೂ ತೋರಿಸಿ, ಬರೆಯುತ್ತಿರುವ ಈ ಹಾಳೆಯನ್ನು ಇಲ್ಲಿಗೇ ಹರಿದು ಬಿಸಾಡುತ್ತೇನೆ! ಎಪ್ಪತ್ತರ ದಶಕದಲ್ಲಿ ನಮ್ಮ ಚರ್ಚಿನ ಜನ ಪಾದ್ರಿಗಳಿಗೆ ಹೆದರುತ್ತಿರಲಿಲ್ಲ, ದೊಡ್ಡಪ್ಪನ ಕೊಡೆಗೆ ಹೆದರುತ್ತಿದ್ದರು. ಕೊಯರಿನ ಹಾಡುಗಾರರು ಹಾಡು ಶುರುಮಾಡಿದ ಮೇಲೂ ಬಾಯಿ ಮುಚ್ಚಿ ನಿಂತಿರೋ, ಬೆನ್ನಿಗೆ ಕೊಡೆಯ ತುದಿ!

"ಎಂತ ಮಾರಾಯ, ಹಾಡಲಿಕ್ಕೆ ಕೊಯರಿನವರಿಗೆ ಸಂಬಳ ಉಂಟಾ? ನೀನೂ ಬಾಯಿ ತೆರೆ!"

ಹಾಗಾದರೆ ಅವರದ್ದು ಒಳ್ಳೆಯ ಕಂಠವೇ? ಅಯ್ಯೋ ದೇವರೇ! ಅವರು ಸ್ವರ ಎತ್ತಿದರೆ ಹೊರಗೆ ಹೈವೇಯಲ್ಲಿ ಹೋಗುವ ಉಡುಪಿ ಬಸ್ಸಿನವನೂ ಬದಿ ಕೊಡಬೇಕು.

ಕಾಪುವಿನ ಒಂದು ಮದುವೆಯಲ್ಲಂತೂ ಕೇಳಿ! ಮದುಮಗ ಹಾಡದೆ ನಿಂತದ್ದು ಇವರ ಕಣ್ಣಿಗೆ ಬಿತ್ತು. ಸೀದಾ ಎದ್ದು ಹೋಗಿ ಅವನ ಹೊಸ ಕೋಟಿಗೇ ತಿವಿದರು!

"ಇವತ್ತೇ ಹಾಡಿಬಿಡು ಮಗಾ. ನಾಳೆಯಿಂದ ನಿನಗೆ ಬಾಯಿ ತೆರೆಯಲಿಕ್ಕೆ ಎಲ್ಲಿ ಆಗ್ತದೆ?"

ಮದುಮಗಳು ನಕ್ಕಳು. ಅವಳ ಅಪ್ಪ ನಗಲಿಲ್ಲ.

ನಮ್ಮ ಚರ್ಚಿನಲ್ಲಿ ಆ ಕೊಡೆಗೆ ಎಟುಕದ ಜಾಗ ಹೆಂಗಸರ ಬದಿ. ಅಲ್ಲಿ ನಮ್ಮ ದೊಡ್ಡಮ್ಮ ಕೂರುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಕೊಯರ್ ಮಾಸ್ಟರು ಎಲ್ಲರೆದುರು, "ನೀವು ತುಟಿ ಮಾತ್ರ ಆಡಿಸಿ ಅಮ್ಮ, ಸ್ವರ ಬೇಡ" ಎಂದುಬಿಟ್ಟಿದ್ದರಂತೆ. ಹಾಗೂ ಹೇಳುತ್ತಾರಾ! ಅಂದಿನಿಂದ ದೊಡ್ಡಮ್ಮ ಮನೆಯಲ್ಲಿ ಮೀನು ಕೊಯ್ಯುವಾಗ ಮಾತ್ರ ಗಂಟಲು ಬಿಚ್ಚುತ್ತಿದ್ದರು. ಚರ್ಚಿನಲ್ಲಿ ಬರೀ ತುಟಿ.

"ಸಭೆ ಇಡೀ ಬೊಬ್ಬೆ ಹಾಕಿದರೆ ಅವಳ ಸ್ವರ ಯಾರಿಗೆ ಗೊತ್ತಾಗ್ತದೆ? ಆಗ ಅವಳೂ ಹಾಡಿಯಾಳು, ಅಲ್ವಾ?" ಎಂದು ದೊಡ್ಡಪ್ಪ ನನ್ನ ಅಪ್ಪನ ಹತ್ತಿರ ಹೇಳುತ್ತಿದ್ದರು. ಕೊಡೆಯ ಗುಟ್ಟು ಅಷ್ಟೇ. ಎಷ್ಟೋ ಬೆನ್ನುಗಳು ನೊಂದವು, ದೊಡ್ಡಮ್ಮ ಮಾತ್ರ ಹಾಡಲಿಲ್ಲ.

ಎಂಬತ್ತರ ದಶಕದಲ್ಲಿ ಮಣಿಪಾಲದಲ್ಲಿ ದೊಡ್ಡಪ್ಪನ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಬಸ್ಸನ್ನೇ ಬದಿಗೆ ಸರಿಸುವ ಸ್ವರ! ನನಗೆ ನಂಬಲಿಕ್ಕೇ ಆಗಲಿಲ್ಲ.

ಗುಣವಾಗಿ ಚರ್ಚಿಗೆ ಬಂದ ಮೊದಲ ಭಾನುವಾರ ಅವರ ಕೊಡೆ ಬೆಂಚಿಗೆ ಒರಗಿಯೇ ಇತ್ತು. ತಿವಿಯುವವರಿಲ್ಲ, ಸಭೆ ಆರಾಮವಾಗಿ ಬಾಯಿ ಮುಚ್ಚಿತು. ಕೊಯರು ಒಂದೇ ಹಾಡುತ್ತಿತ್ತು. ಅವರ ಮುಂದಿನ ಬೆಂಚಿನಲ್ಲಿದ್ದ ನಾನು ತಿರುಗಿ ನೋಡಿದೆ. ದೊಡ್ಡಪ್ಪ ಹಾಡುತ್ತಿದ್ದರು, ತುಟಿ ಮಾತ್ರ ಆಡುತ್ತಿತ್ತು.

ದೊಡ್ಡಮ್ಮನೂ ಅದನ್ನು ನೋಡಿದರು.

ಒಮ್ಮೆಲೇ ಹೆಂಗಸರ ಬದಿಯಿಂದ ಒಂದು ಸ್ವರ ಎದ್ದಿತು. ಶ್ರುತಿಯಿಲ್ಲ, ತಾಳವಿಲ್ಲ, ಭಯವೂ ಇಲ್ಲ! ಕೊಯರು ತಬ್ಬಿಬ್ಬಾಗಿ ನಿಂತಿತು, ಆರ್ಗನ್ನೂ ನಿಂತಿತು. ಪಾದ್ರಿಗಳು ಕನ್ನಡಕ ತೆಗೆದರು. ದೊಡ್ಡಮ್ಮ ನಿಲ್ಲಿಸಲಿಲ್ಲ. ಪಕ್ಕದ ಹೆಂಗಸೊಬ್ಬರು ಸೇರಿದರು, ಆಮೇಲೆ ಅವರ ಬೆಂಚು, ಆಮೇಲೆ ಇಡೀ ಸಭೆ, ದೊಡ್ಡಮ್ಮನ ಆ ತಪ್ಪು ರಾಗದಲ್ಲೇ.

ನಾನು ಬಾಯಿ ತೆರೆದು ನಿಂತಿದ್ದೆ. ಹಾಡುವುದನ್ನೂ ಮರೆತು ದೊಡ್ಡಮ್ಮನನ್ನೇ ನೋಡುತ್ತಿದ್ದೆ.

ಬೆನ್ನಿಗೆ ಮೆತ್ತಗೆ ಕೊಡೆಯ ತುದಿ ತಾಗಿತು.